ದೂರ ಕೂತ ಗುಂಡಿಗಳು

ಗಂಡನ ಅಂತ್ಯಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಹಾಸಿಗೆ ಅಗಲವಾದಂತೆ ಅವಳಿಗೆ ಅನ್ನಿಸಿತು. ಎದ್ದು ಹಾಲು ಕಾಯಲು ಇಟ್ಟಳು. ಕಿಟಕಿಯ ಬಿಸಿಲು ನೀರಿನೊಳಗಿನ ಬೆಳಕಿನ ಹಾಗೆ ನೆಲದ ಮೇಲೆ ತೇಲುತ್ತಿತ್ತು.

ಆ ಬಿಸಿಲಲ್ಲಿ ಅತ್ತೆಯೂ ಆರು ವರ್ಷದ ಮಗಳೂ ಅಂಗಿಯ ಗುಂಡಿಗಳನ್ನು ಹರಡಿಕೊಂಡು ಕೂತಿದ್ದರು. ಮಗಳಿಗೆ ಎಣಿಕೆ ಕಲಿಸಲೆಂದು ಗಂಡ ಬೀದಿ ತುದಿಯ ಟೈಲರ್ ಹತ್ತಿರ ಕೇಳಿ ತಂದಿದ್ದ ಗುಂಡಿಗಳು. ಅತ್ತೆ ಎಂಟನ್ನು ತಮ್ಮ ಮುಂದೆ ಬಿಡಿಬಿಡಿಯಾಗಿ, ಎಂಟನ್ನು ಮೊಮ್ಮಗಳ ಮುಂದೆ ಒತ್ತೊತ್ತಾಗಿ ಇಟ್ಟರು.

"ನಿಂಗೇ ಜಾಸ್ತಿ!" ಎಂದು ಮಗು ಮುಖ ಊದಿಸಿಕೊಂಡಿತು.

"ಎಣಿಸು."

ಎಣಿಸಿತು. ಅಲ್ಲೂ ಎಂಟು, ಇಲ್ಲೂ ಎಂಟು. "ಆದ್ರೂ ನಿಂಗೇ ಜಾಸ್ತಿ."

ಅತ್ತೆ ತಲೆ ಚಚ್ಚಿಕೊಂಡರು. "ನನ್ನ ಮಗ ಮುದ್ದು ಮಾಡಿ ತಲೆ ಮೇಲೆ ಕೂರಿಸ್ಕೊಂಡ, ಇದು ಮಂಕಾಯ್ತು. ಇವತ್ತೇ ಸ್ಕೂಲಿಗೆ ಹೋಗಿ ಒಂದು ಕ್ಲಾಸ್ ಹಿಂದಕ್ಕೆ ಹಾಕ್ಸಮ್ಮ."

ಮಗು ಗುಂಡಿಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಿತು. ಅವಳು ಉಕ್ಕಿ ಬಂದ ಹಾಲನ್ನು ಇಳಿಸಿದಳು.

ಮಗುವನ್ನು ಶಾಲೆಗೆ ಕರೆದೊಯ್ಯಲು ಬಂದ ಪಕ್ಕದ ಮನೆ ಟೀಚರ್ ಬಾಗಿಲಲ್ಲೇ ನಿಂತು ನಕ್ಕರು. "ಮಂಕಲ್ಲ ಅಜ್ಜಿ. ಈ ವಯಸ್ಸಲ್ಲಿ ಕಣ್ಣಿಗೆ ಕಂಡಿದ್ದೇ ಲೆಕ್ಕ. ಸಾಲು ಉದ್ದ ಕಂಡ್ರೆ ಜಾಸ್ತಿ. ಎಣಿಕೆ ಬಾಯಿಗೆ ಮೊದಲು ಬರುತ್ತೆ, ತಲೆಗೆ ಆಮೇಲೆ. ಹಾಲುಹಲ್ಲು ಬೀಳೋ ಥರ, ಒಬ್ರಿಗೆ ಬೇಗ, ಒಬ್ರಿಗೆ ತಡ."

"ಅಲ್ಲೀತನಕ ಕೈಕಟ್ಟಿ ಕೂರೋದಾ?"

"ಯಾಕೆ? ಅವಳ ಕೈಗೆ ಕೊಡಿ. ಅವಳೇ ಸರಿಸ್ಲಿ, ಜೋಡಿಸ್ಲಿ. ತಪ್ಪು ಹೇಳಿದ್ರೆ ಬೈಬೇಡಿ. 'ಹೇಗೆ ಗೊತ್ತಾಯ್ತು?' ಅಂತ ಕೇಳಿ. ಕ್ಲಾಸಲ್ಲಿ ನಾನು ಮಾಡೋದೂ ಇದನ್ನೇ."

"ಆಟ ಆಡ್ಸೋಕೆ ಸಂಬಳ ಬೇರೆ!"

"ಸ್ವಲ್ಪ ದಿನ ನೋಡೋಣ ಅತ್ತೆ," ಎಂದಳು ಅವಳು. ಎಷ್ಟೋ ದಿನದ ಮೇಲೆ ತನ್ನ ದನಿ ತನಗೇ ಕೇಳಿಸಿತು. ಅತ್ತೆ ಗೊಣಗಿದರು, ಆದರೆ ಬೇಡವೆನ್ನಲಿಲ್ಲ.

ಮಾರನೇ ದಿನವೂ ಉದ್ದದ ಸಾಲೇ ಗೆದ್ದಿತು. ಅದರ ಮಾರನೇ ದಿನವೂ. ಅತ್ತೆ ತುಟಿ ಕಚ್ಚಿಕೊಂಡು, "ಹೇಗೆ ಗೊತ್ತಾಯ್ತೇ?" ಎಂದಷ್ಟೇ ಕೇಳುತ್ತಿದ್ದರು. ಮಗು ಅಜ್ಜಿಯ ಒಂದೊಂದು ಗುಂಡಿಯ ಪಕ್ಕ ತನ್ನದೊಂದನ್ನು ಇಡುತ್ತಿತ್ತು, ಮತ್ತೆ ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ಹೀಗೇ ಮೂರು ವಾರ. ಒಂದು ಬೆಳಿಗ್ಗೆ ಅದರ ಕೈ ನಿಂತಿತು.

"ಅಜ್ಜಿ, ನೀನು ಒಂದೂ ತರ್ಲಿಲ್ಲ. ನಾನು ಒಂದೂ ಕಳೀಲಿಲ್ಲ. ನಿನ್ನವು ದೂರ ಕೂತಿವೆ, ಅಷ್ಟೇ."

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಅದರ ಕ್ಲಾಸಲ್ಲೇ ಇರ್ಲಿ ಬಿಡಮ್ಮ," ಎಂದರು.

ಆ ಸಂಜೆ ಅವಳು ಗುಂಡಿಗಳ ಡಬ್ಬಿ ಹಿಡಿದು ಟೈಲರ್ ಅಂಗಡಿಗೆ ಹೋದಳು, ಮಗಳನ್ನೂ ಕರೆದುಕೊಂಡು.

"ಇಟ್ಕೊಳ್ಳಮ್ಮ, ಪರವಾಗಿಲ್ಲ."

"ಇಲ್ಲಣ್ಣ. ಅವರು ವಾಪಸ್ ಕೊಡ್ತೀನಿ ಅಂತ ಹೇಳಿ ತಂದಿದ್ದು. ಇವಳಿಗೆ ಎಣಿಸೋಕೆ ಈಗ ಬಾಟಲಿ ಮುಚ್ಚಳ ಸಾಕು."

ಟೈಲರ್ ಗುಂಡಿಗಳನ್ನು ಹೊಲಿಗೆ ಯಂತ್ರದ ಹಲಗೆಯ ಮೇಲೆ ಸುರಿದು ಹರಡಿದರು. "ಅಬ್ಬಾ, ಎಷ್ಟೊಂದು!"

"ಹದಿನಾರೇ ಮಾಮ," ಎಂದಿತು ಮಗು.

ನಿಮ್ಮ ಮನೆಯಲ್ಲೂ ಒಂದು ಮಗು ತಪ್ಪು ಲೆಕ್ಕ ಹೇಳುತ್ತಿರಬಹುದು. ದಡ್ಡ ಎನ್ನುವ ಮುಂಚೆ ಅದರ ಎದುರು ನೆಲದ ಮೇಲೆ ಕೂತುಕೊಳ್ಳಿ. ಕೈಗೆ ನಾಲ್ಕು ಗುಂಡಿ ಕೊಡಿ. ಹೇಗೆ ಗೊತ್ತಾಯ್ತು ಎಂದು ಕೇಳಿ, ಉತ್ತರ ಬರುವ ತನಕ ಕಾಯಿರಿ.