ಎಡಗೈಯ ನಾಡಿ

ಅಮ್ಮ ತಂಗಿ ಗಾನವಿಯ ಮುಂದೆ ಮತ್ತೊಂದು ಲೋಟ ಉಪ್ಪುಮಜ್ಜಿಗೆ ಇಟ್ಟಾಗ ನನಗೆ ಅದನ್ನು ಅಂಗಳಕ್ಕೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ನಮ್ಮ ಮನೆಯಲ್ಲಿ ಸಿಟ್ಟಾಗುವ ಹಕ್ಕು ಅಪ್ಪನಿಗೆ ಮಾತ್ರ.

ತಲೆ ಬಾಚುವಷ್ಟರಲ್ಲಿ ತಂಗಿಯ ಎಡಗೈ ಸೋಲುತ್ತಿತ್ತು. ಸಂಜೆ ಸಣ್ಣ ಜ್ವರ, ತಲೆನೋವು. ಬಾಳೆಹೊನ್ನೂರಿನ ಪಂಡಿತ ಕಲ್ಲೇಶಪ್ಪನವರು ಹೆಂಗಸರ ನಾಡಿ ನೋಡುವುದು ಎಡಗೈಯಲ್ಲೇ. "ನಾಡಿ ಸಿಗೂದೇ ಕಷ್ಟ, ನಿಶ್ಶಕ್ತಿ" ಎಂದರು. ಅದೇ ರೂಢಿಯಲ್ಲಿ ಅವಳು ಕ್ಲಿನಿಕ್ಕಿನಲ್ಲೂ ಎಡಗೈ ಚಾಚಿದಳು. ಬಿಪಿ ತೀರಾ ಕಡಿಮೆ ಬಂತು. ಅಂದಿನಿಂದ ಈ ಉಪ್ಪು.

"ಸೋಲೂದು ಎಡಗೈ ಒಂದೇ ಅಲ್ವಾ, ಬಲಗೈಯಲ್ಲೂ ಒಮ್ಮೆ ನೋಡಿಸಾಣ" ಎಂದೆ.

"ನೀನೆಂತ ಡಾಕ್ಟ್ರಾ ಮಾರಾಯ್ತಿ?" ಅಪ್ಪ ನಕ್ಕರು. "ಕಾಲೇಜಲ್ಲಿ ಕಲಿಸೂದು ಇತಿಹಾಸ. ಒಂದೊಂದು ಕೈಗೆ ಒಂದೊಂದು ರಕ್ತ ಇರ್ತದಾ?"

ನಿಶ್ಚಿತಾರ್ಥದ ಸೀರೆ ನೋಡುವ ನೆಪ ಹೇಳಿ ಅವಳನ್ನು ಕೊಪ್ಪಕ್ಕೆ ಕರೆದೊಯ್ದೆ. ಅಲ್ಲಿನ ಆಸ್ಪತ್ರೆಯ ನರ್ಸ್ ಬಲಗೈಗೆ ಪಟ್ಟಿ ಸುತ್ತಿ ನೋಡಿದಳು, ಮತ್ತೊಮ್ಮೆ ನೋಡಿದಳು, ಡಾಕ್ಟರನ್ನು ಕರೆದಳು. ಬಿಪಿ ಇನ್ನೂರು ದಾಟಿತ್ತು.

ಶಿವಮೊಗ್ಗದಲ್ಲಿ ಸ್ಕ್ಯಾನ್ ಆದ ಮೇಲೆ ಡಾಕ್ಟರು ಅಪ್ಪ ಅಮ್ಮನನ್ನೂ ಕರೆಸಿ ಹೇಳಿದರು: ಹೃದಯದಿಂದ ಹೊರಡುವ ಮಹಾಪಧಮನಿಗೂ ಅದರ ಕವಲುಗಳಿಗೂ ಉರಿಯೂತ. ಎಡಗೈಗೆ ಹೋಗುವ ಕವಲು ಕಿರಿದಾಗಿದೆ, ಅದಕ್ಕೇ ಅಲ್ಲಿ ನಾಡಿ ಸಿಗದು, ಬಿಪಿ ಸುಳ್ಳು ಹೇಳುತ್ತದೆ. ಉರಿಯೂತ ಮಹಾಪಧಮನಿಯ ಗೋಡೆಯನ್ನು ಒಳಗಿಂದ ತಿಂದು ಒಂದು ಕಡೆ ಉಬ್ಬಿಸಿದೆ. ಒತ್ತಡ ಹೀಗೇ ಇದ್ದರೆ ಅದು ಒಡೆಯಬಹುದು. ಉಪ್ಪು ಬಿಡಬೇಕು. ಸ್ಟೀರಾಯ್ಡ್ ಇವತ್ತೇ ಶುರುವಾಗಬೇಕು.

ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಅದು ತಗೊಂಡ್ರೆ ಮುಖ ಊದ್ಕತ್ತದಂತಲ್ಲ ಡಾಕ್ಟ್ರೇ?"

ಕಾರಿಡಾರಿಗೆ ಬಂದ ಮೇಲೆ ಅಪ್ಪ ದನಿ ತಗ್ಗಿಸಿದರು. "ನಿಶ್ಚಿತಾರ್ಥ ಒಂದು ಮುಗೀಲಿ. ಆಮೇಲೆ ಶುರು ಮಾಡಾಣ. ಗಂಡಿನ ಕಡೆಯವ್ರು ಈಗ ಕೇಳಿದ್ರೆ ಏನಂತ ಹೇಳೂದು?"

"ಸತ್ತಳು ಅಂತ ಹೇಳಿ!" ನನ್ನ ಕೂಗಿಗೆ ಬೆಂಚಿನ ಮೇಲಿದ್ದವರೆಲ್ಲ ತಿರುಗಿದರು. "ಮುಖ ಮಾತ್ರ ತೆಳ್ಳಗಿತ್ತು ಅಂತ ಹೇಳಿ! ಉಪ್ಪು ಕುಡಿಸಿ ಕುಡಿಸಿ ಇಲ್ಲಿವರೆಗೆ ತಂದ್ರಿ, ಸಾಕಾಗ್ಲಿಲ್ವಾ?"

"ಸುಮನಾ, ಬಾಯ್ಮುಚ್ಚು. ಜನ ನೋಡ್ತಿದಾರೆ" ಎಂದರು ಅಪ್ಪ.

"ನೋಡ್ಲಿ!"

ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆಯ ಪೊಟ್ಟಣ ಅಪ್ಪನ ಜೇಬಿನಲ್ಲಿತ್ತು. ಅಷ್ಟು ಹೊತ್ತು ಗೋಡೆಗೊರಗಿದ್ದ ಗಾನವಿ ಮುಂದೆ ಬಂದು, ಯಾರನ್ನೂ ಕೇಳದೆ ಅದನ್ನು ಹೊರಗೆಳೆದಳು. ಚೀಟಿ ಓದಿದಳು. ಮಾತ್ರೆಗಳನ್ನು ಅಂಗೈಗೆ ಒತ್ತಿ ತೆಗೆದು, ನನ್ನ ಬಾಟಲಿಯ ನೀರಿನಲ್ಲಿ ನುಂಗಿದಳು.

"ಗಂಡಿನ ಕಡೆಗೆ ಫೋನ್ ಮಾಡಿ ಅಪ್ಪಾ" ಎಂದಳು. "ಇಲ್ಲೇ, ನನ್ನೆದುರಿಗೇ ಮಾಡಿ. ನಿಮ್ಮಿಂದ ಆಗ್ದಿದ್ರೆ ನಂಬರ್ ಕೊಡಿ."