ಒಣದ್ರಾಕ್ಷಿ ಶೆಡ್ಡಿನಲ್ಲಿ ಒಂದು ಮಾಲ್ಬೆಕ್

ನಾನು ಒಂದು ವೈನ್ ಬಾಟಲಿ; ಗಾಜೂ ನಾನೇ, ಒಳಗಿನ ವೈನೂ ನಾನೇ. ಹುಟ್ಟಿದ್ದು ಅರ್ಜೆಂಟೀನಾ ದೇಶದಲ್ಲಿ, ಆಂಡೀಸ್ ಪರ್ವತಗಳ ಮಗ್ಗುಲಿಗೆ ಬಹಳ ಎತ್ತರದಲ್ಲಿರುವ ಒಂದು ಕಣಿವೆಯಲ್ಲಿ. ನನ್ನೊಳಗೆ ತುಂಬಿದ್ದು ಮಾಲ್ಬೆಕ್ ಎಂಬ ಕಪ್ಪು ದ್ರಾಕ್ಷಿಯಿಂದ ಮಾಡಿದ ಕೆಂಪು ವೈನ್. ಆ ಎತ್ತರದಲ್ಲಿ ಹಗಲೆಲ್ಲ ಬಿಸಿಲು ಮೈ ಸುಡುತ್ತದೆ. ಹೊತ್ತು ಮುಳುಗಿದ ಕೂಡಲೇ ಚಳಿ ಮೂಳೆಗೆ ಇಳಿಯುತ್ತದೆ. ಎರಡನ್ನೂ ತಡೆದುಕೊಳ್ಳಲು ದ್ರಾಕ್ಷಿ ತನ್ನ ಸಿಪ್ಪೆಯನ್ನು ದಪ್ಪ ಮಾಡಿಕೊಳ್ಳುತ್ತದೆ. ನನ್ನ ಬಣ್ಣವೆಲ್ಲ ಬಂದದ್ದು ಆ ಸಿಪ್ಪೆಯಿಂದ.

ತೋಟ ಔರೇಲಿಯಾ ಎಂಬ ಹೆಂಗಸಿನದು. ಅವಳ ಅಜ್ಜ ನೆಟ್ಟದ್ದು, ಅಪ್ಪ ಬೆಳೆಸಿದ್ದು. ಅಣ್ಣತಮ್ಮಂದಿರು ಕೆಳಗಿನ ಪಟ್ಟಣಕ್ಕೆ ಇಳಿದುಹೋದ ಮೇಲೆ ತೋಟ, ನೆಲಮಾಳಿಗೆ, ಪೀಪಾಯಿಗಳು ಎಲ್ಲ ಅವಳೊಬ್ಬಳ ಪಾಲಿಗೆ ಉಳಿದವು. ಕೊಯ್ಲಿನ ಕಾಲದಲ್ಲಿ ಮಾತ್ರ ಮನೆ ತುಂಬುತ್ತಿತ್ತು. ಉಳಿದಂತೆ ಅವಳು ಪೀಪಾಯಿಗಳ ನಡುವೆ ಓಡಾಡುತ್ತ, ಒಂದೊಂದನ್ನೂ ಬೆರಳಿನಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದಳು. ಪೀಪಾಯಿಯ ಕತ್ತಲಲ್ಲಿದ್ದಾಗ ನನಗೆ ಕೇಳಿಸಿದ ಮೊದಲ ಸದ್ದು ಆ ತಟ್ಟುವಿಕೆ. ಅಷ್ಟು ಮೆತ್ತಗೆ ನನ್ನನ್ನು ಆಮೇಲೆ ಯಾರೂ ವಿಚಾರಿಸಲಿಲ್ಲ.

ಬಾಟಲಿಗಿಳಿದ ಮೇಲೆ ನನ್ನ ಜೊತೆಯವರೆಲ್ಲ ದೂರದೂರದ ದೊಡ್ಡ ಹೋಟೆಲುಗಳಿಗೆ ಹೋದರು. ನನ್ನ ದಾರಿ ಬೇರೆಯಾಯಿತು.

ಒಂದು ದಿನ ಭಾರತದಿಂದ ದ್ರಾಕ್ಷಿ ಬೆಳೆಗಾರರ ಒಂದು ತಂಡ ತೋಟ ನೋಡಲು ಬಂತು. ವಿಜಯಪುರದ ಕಡೆಯವರು. ಎಲ್ಲರೂ ಗ್ಲಾಸು ಹಿಡಿದು ನಗುತ್ತಿದ್ದಾಗ ಒಬ್ಬ ಮಾತ್ರ ಬಿಳಿ ಟೋಪಿ ಸರಿಮಾಡಿಕೊಳ್ಳುತ್ತ ಬಳ್ಳಿಗಳ ಸಾಲಿನೊಳಗೆ ಹೋಗಿ ನಿಂತಿದ್ದ. ಅವನ ಹೆಸರು ಗೊಲ್ಲಾಳಪ್ಪ. ತಿಕೋಟಾ ಹತ್ತಿರ ಅವನದೂ ದ್ರಾಕ್ಷಿ ತೋಟ. ಹೆಂಡತಿ ತೀರಿಹೋಗಿದ್ದಳು, ಒಬ್ಬಳೇ ಮಗಳು ಮದುವೆಯಾಗಿ ಸೊಲ್ಲಾಪುರ ಸೇರಿದ್ದಳು. ಔರೇಲಿಯಾ ಹೋಗಿ ನೋಡಿದರೆ ಅವನು ಮುದಿ ಬಳ್ಳಿಯೊಂದರ ಕಾಂಡದ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದಾನೆ.

ಅವನು ಜೊತೆಗಿದ್ದ ದುಭಾಷಿಯನ್ನು ಕರೆದ. “ಬಾಯಾರಿಗೆ ಕೇಳ್ರಿ, ಇಷ್ಟ ದೊಡ್ಡ ತ್ವಾಟದಾಗ ಮಾತಾಡ್ಲಿಕ್ಕೆ ಯಾರ ಅದಾರ ಅಂತ.”

ದುಭಾಷಿ ಕೇಳಿದ. ಔರೇಲಿಯಾ ಒಳಗೆ ಹೋಗಿ ಒಂದು ಗ್ಲಾಸು ವೈನ್ ತಂದಳು. ಗೊಲ್ಲಾಳಪ್ಪ ಕುಡಿಯುವವನಲ್ಲ. ಆದರೂ ಕೊಟ್ಟವಳ ಮುಖ ನೋಡಿ ಬೇಡವೆನ್ನಲಾರದೆ ಒಂದು ಗುಟುಕು ತೆಗೆದುಕೊಂಡ, ಕಣ್ಣು ಮುಚ್ಚಿದ. “ಮಣ್ಣ ಮಾತಾಡಿದಂಗ ಆತು” ಎಂದ. ದುಭಾಷಿ ಅದನ್ನು ಹೇಗೆ ಹೇಳಿದನೋ ಗೊತ್ತಿಲ್ಲ. ಹೊರಡುವಾಗ ಔರೇಲಿಯಾ ನೆಲಮಾಳಿಗೆಯ ಹಿಂದಿನ ಸಾಲಿನಿಂದ ನನ್ನನ್ನು ಆರಿಸಿ ತಂದು, ಸೆರಗಿನಂಥ ತನ್ನ ಮೇಲಂಗಿಯ ಅಂಚಿನಿಂದ ಧೂಳು ಒರೆಸಿ, ಅವನ ಕೈಗಿಟ್ಟಳು.

ಧೋತರದಲ್ಲಿ ಸುತ್ತಿಸಿಕೊಂಡು, ವಿಮಾನದ ಹೊಟ್ಟೆಯ ಚಳಿಯಲ್ಲಿ ಉರುಳುತ್ತ ನಾನು ಈ ನಾಡಿಗೆ ಬಂದೆ.

ಮನೆಯಲ್ಲಿ ಇದ್ದವಳು ಅವನ ಅಕ್ಕ ನಿಂಬೆವ್ವ. ಚಿಕ್ಕ ವಯಸ್ಸಿಗೇ ಗಂಡ ಸತ್ತು ತವರಿಗೆ ಬಂದವಳು ಮತ್ತೆ ಎಲ್ಲಿಗೂ ಹೋಗಿರಲಿಲ್ಲ. ತಮ್ಮ ಪೆಟ್ಟಿಗೆಯಿಂದ ನನ್ನನ್ನು ತೆಗೆದದ್ದೇ ತಡ, ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಏನದು?”

“ದ್ರಾಕ್ಷಿ ರಸ, ಯಕ್ಕಾ. ಅಲ್ಲಿ ಒಬ್ರು ಬಾಯಾರು ಕೊಟ್ರು.”

“ರಸ ಅಂತ. ನಾ ಏನ ಕೂಸs? ನನ್ನ ಗಂಡನ್ನ ತಿಂದದ್ದು ಯಾವ ರಸ ಅಂತ ನಿನಗ ಗೊತ್ತೈತಿ. ಈ ಮನಿಯಾಗ ಅದು ಬ್ಯಾಡ.”

ಗೊಲ್ಲಾಳಪ್ಪ ಎದುರಾಡಲಿಲ್ಲ. ಎಸೆಯಲು ಮನಸ್ಸೂ ಬರಲಿಲ್ಲ. ತೋಟಕ್ಕೆ ಒಯ್ದು ಒಣದ್ರಾಕ್ಷಿ ಮಾಡುವ ಶೆಡ್ಡಿನ ಮೂಲೆಯಲ್ಲಿದ್ದ ಕಟ್ಟಿಗೆಯ ಗೂಡಿನಲ್ಲಿ ನನ್ನನ್ನು ಇಟ್ಟ.

ಅಲ್ಲಿ ನನ್ನ ಒಂಟಿತನ ಶುರುವಾಯಿತು. ಕೊಯ್ಲಾದ ಮೇಲೆ ಬಲೆಯ ಅಟ್ಟಗಳ ಮೇಲೆ ಹಸಿರು ದ್ರಾಕ್ಷಿ ಹರವುತ್ತಿದ್ದರು. ಅವು ನನ್ನ ಜಾತಿಯವೇ. ಆದರೆ ಅವು ದಿನದಿನಕ್ಕೆ ನೀರು ಕಳೆದುಕೊಂಡು ಸುಕ್ಕಾಗಿ, ಚೀಲ ಸೇರಿ, ಹೊರಟುಹೋಗುತ್ತಿದ್ದವು. ಅವುಗಳಿಗೆ ಒಂದು ದಾರಿ ಇತ್ತು. ನನಗೆ ಕಾಯುವುದಷ್ಟೇ ಕೆಲಸ. ಯಾವುದಕ್ಕೆ ಕಾಯುತ್ತಿದ್ದೇನೆ ಎಂಬುದೂ ತಿಳಿಯದು.

ಆಗಾಗ ಗೊಲ್ಲಾಳಪ್ಪ ಬಂದು ಚೀಲದ ಮೇಲೆ ಕೂರುತ್ತಿದ್ದ. ನನ್ನನ್ನು ಇಳಿಸಿಕೊಂಡು ಮೈಮೇಲಿನ ಚೀಟಿಯ ಬೆಟ್ಟದ ಚಿತ್ರವನ್ನು ನೋಡುತ್ತಿದ್ದ. ಅವನಾಡುವ ಮಾತುಗಳಿಂದಲೇ ನಾನು ಈ ಭಾಷೆ ಕಲಿತೆ, ಆ ಕಣಿವೆಯಲ್ಲಿ ನಡೆದದ್ದನ್ನೂ ಅವನ ಮನೆಯ ಸಂಗತಿಯನ್ನೂ ತಿಳಿದೆ. ಅಕ್ಕ ತಮ್ಮ ಒಂದೇ ಸೂರಿನಡಿ ಇದ್ದರೂ ಕೂತು ಮಾತಾಡುವ ರೂಢಿ ಇರಲಿಲ್ಲ. ಅವಳು ಬಡಿಸುತ್ತಿದ್ದಳು, ಅವನು ಉಂಡು ಎದ್ದು ಹೋಗುತ್ತಿದ್ದ. ಆಮೇಲೆ ಅವಳು ಒಲೆಯ ಕಡೆ ಮುಖ ಮಾಡಿ ಒಬ್ಬಳೇ ಉಣ್ಣುತ್ತಿದ್ದಳು. “ಅಕ್ಕ ಏನ ಉಣ್ತಾಳ, ಎಷ್ಟ ಉಣ್ತಾಳ, ನಾ ಒಂದ ದಿನಾನೂ ನೋಡಿಲ್ಲ” ಎಂದು ಒಮ್ಮೆ ಅಂದ. ನನಗೆ ಅಂದನೋ, ತನಗೇ ಅಂದುಕೊಂಡನೋ.

ಬೇಸಿಗೆ ಬಂತು. ವಿಜಯಪುರದ ಬಿಸಿಲಿಗೆ ತಗಡಿನ ಮಾಡು ಕಾದು ನನ್ನ ಒಡಲು ಬೆಚ್ಚಗಾಯಿತು, ಆಮೇಲೆ ಬಿಸಿಯಾಯಿತು. ತಂಪಿನ ನೆಲಮಾಳಿಗೆಗೆಂದು ಹುಟ್ಟಿದವನು ನಾನು. ಒಳಗೆ ಉಬ್ಬಿ ಬಿರಡೆಯನ್ನು ಮೇಲಕ್ಕೆ ನೂಕಿದೆ. ಸಂದಿನಿಂದ ಒಂದು ಹನಿ ಹೊರಬಂತು, ಅದೇ ಸಂದಿನಿಂದ ಗಾಳಿ ಒಳಹೊಕ್ಕಿತು. ಇರುವೆಗಳು ಬಂದವು. ಮರುವರ್ಷದ ಬೇಸಿಗೆಯೂ ಹಾಗೆಯೇ ಕಳೆಯಿತು. ಔರೇಲಿಯಾ ನನ್ನೊಳಗೆ ಕಾಪಾಡಿಟ್ಟದ್ದೆಲ್ಲ ಒಂದೊಂದಾಗಿ ಕೆಡುತ್ತಿರುವುದು ನನಗೆ ತಿಳಿಯುತ್ತಿತ್ತು. ಹೇಳುವುದು ಯಾರಿಗೆ?

ಮೂರನೆಯ ವರ್ಷ ನಿಂಬೆವ್ವ ಹಾಸಿಗೆ ಹಿಡಿದಳು. ಹೊಟ್ಟೆಯ ಬೇನೆ. ದೊಡ್ಡ ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಗೊಲ್ಲಾಳಪ್ಪ ತಾನೇ ಒಲೆ ಹಚ್ಚುವುದು ಕಲಿತ. ಮಾಡಿದ್ದು ಅವಳಿಗೆ ಸೇರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವನು ಶೆಡ್ಡಿಗೆ ಬಂದು ನನ್ನನ್ನು ಎತ್ತಿಕೊಂಡ. “ಅಕ್ಕ ಇದನ್ನ ತಾ ಅಂದಾಳ” ಎಂದು ಗೊಣಗಿದ. ಮನೆಗೆ ತಂದು ಅಕ್ಕನ ಹಾಸಿಗೆಯ ಪಕ್ಕ ಇಟ್ಟ.

“ತಂದೀನಿ, ಯಕ್ಕಾ. ಖರೇನs ಬೇಕೇನು?”

“ಬೇಕು. ತಗಿ ಅದನ್ನ” ಎಂದಳು ನಿಂಬೆವ್ವ. ಗೋಡೆಗೆ ಒರಗಿ ಕೂತಿದ್ದಳು. “ನನ್ನ ಗಂಡ ನನ್ನ ಮಗ್ಗಲ ಕುಂತು ಒಂದ ಹೊತ್ತು ನೆಟ್ಟಗ ಉಣ್ಲಿಲ್ಲ. ಸಂಜೀ ಆದ್ರ ಎದ್ದು ಹೋಗಾಂವ. ಅದರಾಗ ಅಂವ ಏನ ಕಂಡಿದ್ದ ಅಂತ ಒಮ್ಮೆ ನೋಡಬೇಕು. ಇನ್ನ ಯಾವಾಗ ನೋಡ್ಲಿ?”

ಬಿರಡೆ ತೆಗೆಯುವ ಸಾಧನ ಮನೆಯಲ್ಲಿರಲಿಲ್ಲ. ಗೊಲ್ಲಾಳಪ್ಪ ಸ್ಕ್ರೂಡ್ರೈವರಿನಿಂದ ಅದನ್ನು ಒಳಕ್ಕೇ ನೂಕಿದ. ನನ್ನ ವಾಸನೆ ಹೊರಬಂದ ಕ್ಷಣವೇ ಅವನ ಮುಖ ಬದಲಾಯಿತು. ಆ ಕಣಿವೆಯಲ್ಲಿ ಕಣ್ಣು ಮುಚ್ಚಿ ನಿಂತವನು ಅವನು. ನಾನು ಹುಳಿತುಹೋಗಿದ್ದೇನೆಂದು ಅವನಿಗೆ ಗೊತ್ತಾಯಿತು. ಆದರೂ ಹಿತ್ತಾಳೆಯ ಲೋಟಕ್ಕೆ ಬಗ್ಗಿಸಿದ.

ನಿಂಬೆವ್ವ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗುಟುಕು ಕುಡಿದಳು. ಮುಖ ಕಿವುಚಿತು. ಬಾಯಲ್ಲೇ ಇಟ್ಟುಕೊಂಡು ಕಷ್ಟಪಟ್ಟು ನುಂಗಿದಳು.

“ಇದು ಹಿಂಗs ಇರ್ತದೇನೊ, ತಮ್ಮಾ?”

ನಾನು ಕೂಗಿ ಹೇಳಬೇಕೆಂದಿದ್ದೆ. ಇಲ್ಲ ತಾಯಿ, ನಾನು ಹೀಗಿರಲಿಲ್ಲ. ನನ್ನಲ್ಲಿ ಬೆಟ್ಟದ ಚಳಿ ಇತ್ತು, ಹಣ್ಣಿನ ಕಂಪಿತ್ತು, ಒಬ್ಬ ಹೆಂಗಸಿನ ಇಡೀ ಬಾಳಿತ್ತು. ಗೊಲ್ಲಾಳಪ್ಪ ನನ್ನ ಕಡೆ ನೋಡಿದ. ಅವನಿಗೆ ನಿಜ ಗೊತ್ತು. ಅವನು ಹೇಳಬಹುದಿತ್ತು.

“ಹೌದ, ಯಕ್ಕಾ” ಎಂದ. “ಹಿಂಗs ಇರ್ತದ.”

ನಿಂಬೆವ್ವ ಲೋಟದೊಳಗೆ ನೋಡುತ್ತ ಕೂತಳು. “ಇಷ್ಟs?” ಎಂದಳು. “ಈ ಹುಳಿ ನೀರಿಗೆ ಹೋಗಿ ಸತ್ನಾ, ಹುಚ್ಚ.” ಆಮೇಲೆ ಅವಳ ಹೆಗಲು ಅಲುಗಾಡತೊಡಗಿತು. ಅಳುತ್ತಿದ್ದಾಳೆಂದು ಗೊಲ್ಲಾಳಪ್ಪ ಹತ್ತಿರ ಸರಿದ. ಅವಳು ನಗುತ್ತಿದ್ದಳು. ಕಣ್ಣಲ್ಲಿ ನೀರೂ ಇತ್ತು. “ನನ್ನಾಗs ಏನೋ ಕಡಿಮಿ ಐತಿ ಅಂತ ನಾ ತಿಳಕೊಂಡಿದ್ನೋ, ತಮ್ಮಾ. ಇಷ್ಟ ವರ್ಷ ಹಂಗs ತಿಳಕೊಂಡಿದ್ನಿ.”

ತಮ್ಮ ಅವಳ ಕಾಲು ಒತ್ತುತ್ತ ಕೂತ. ಸ್ವಲ್ಪ ಹೊತ್ತಿಗೆ ಅವಳೇ ಅಂದಳು: “ಚೆಲ್ಲಬ್ಯಾಡ ಅದನ್ನ. ಹುಣಸಿ ಹಣ್ಣಿನ ಬದ್ಲಿ ಸಾರಿಗೆ ಹಾಕು. ಬಳ್ಳೊಳ್ಳಿ ಒಗ್ಗರಣಿ ಕೊಡು. ಒಲಿ ಸಣ್ಣ ಇಡು.”

ಅವಳು ಕೂತಲ್ಲಿಂದ ಹೇಳುತ್ತ ಹೋದಳು, ಅವನು ಮಾಡುತ್ತ ಹೋದ. ನನ್ನ ಮೈಯ ಒಂದು ಪಾಲು ಬೇಳೆಯ ಸಾರಿನಲ್ಲಿ ಕುದಿಯಿತು. ದೊಡ್ಡ ಹೋಟೆಲಿನ ಮೇಜಿಗೆ ಹೋಗಬೇಕಿದ್ದ ವೈನಿಗೆ ಇದೆಂಥ ಗತಿ ಎಂದು ನೀವು ಅನ್ನಬಹುದು. ಆದರೆ ಆ ದಿನ ಗೊಲ್ಲಾಳಪ್ಪ ಎರಡು ತಾಟು ಇಟ್ಟ. ಅನ್ನ ಮೆತ್ತಗೆ ಕಲಸಿ ಒಂದನ್ನು ಅಕ್ಕನ ಮುಂದಿಟ್ಟು, ತನ್ನ ತಾಟು ಎಳೆದುಕೊಂಡು ಅವಳ ಎದುರಿಗೇ ಕೂತ. ಅವಳು ನಾಚಿದಂತೆ ಮುಖ ತಿರುಗಿಸಿದಳು. ಆಮೇಲೆ ತಿರುಗಿ ಕೂತು ಉಂಡಳು. ಕೆಲವೇ ತುತ್ತು.

ಕಾರಹುಣ್ಣಿಮೆ ಬರುವ ಮೊದಲೇ ನಿಂಬೆವ್ವ ಹೋದಳು.

ಉಳಿದ ವೈನನ್ನು ಗೊಲ್ಲಾಳಪ್ಪ ಸಾರಿಗೇ ಹಾಕಿ ಮುಗಿಸಿದ. ಖಾಲಿಯಾದ ನನ್ನನ್ನು ಬೂದಿ ಹಚ್ಚಿ ತೊಳೆದ. ಚೀಟಿ ನೆನೆದು ಕಿತ್ತುಬಂತು, ಬೆಟ್ಟದ ಚಿತ್ರ ಬಚ್ಚಲ ನೀರಿನಲ್ಲಿ ಹರಿದುಹೋಯಿತು. ಒಳಗೆ ಬಿದ್ದ ಬಿರಡೆ ಮಾತ್ರ ಹೊರಬರಲಿಲ್ಲ. ಈಗ ಅವನು ನನ್ನಲ್ಲಿ ಕುಡಿಯುವ ನೀರು ತುಂಬಿಕೊಂಡು ತೋಟಕ್ಕೆ ಹೋಗುತ್ತಾನೆ. ಬಗ್ಗಿಸಿದಾಗಲೆಲ್ಲ ಬಿರಡೆ ತೇಲಿ ಬಂದು ನನ್ನ ಕೊರಳಿಗೆ ಅಡ್ಡ ನಿಲ್ಲುತ್ತದೆ. ಅವನು ಅಲುಗಿಸಿ ಅದನ್ನು ಹಿಂದೆ ಸರಿಸಿ ಕುಡಿಯುತ್ತಾನೆ. ಔರೇಲಿಯಾ ಇದ್ದಾಳೋ ಇಲ್ಲವೋ ತಿಳಿಯದು. ಅವಳ ಹೆಸರು ಹೇಳುವವರು ಇಲ್ಲಿ ಯಾರೂ ಇಲ್ಲ. ನಾನು ಮೊದಲು ಏನಾಗಿದ್ದೆ ಎಂಬುದನ್ನು ತಿಳಿದವನು ಅವನೊಬ್ಬನೇ, ಅವನು ಅದನ್ನು ಆಡುವುದಿಲ್ಲ.

ಮೊನ್ನೆ ಬಳ್ಳಿ ಸವರುವ ಚಾಟ್ನಿ ಕೆಲಸಕ್ಕೆ ಹೆಣ್ಣಾಳುಗಳು ಬಂದಿದ್ದರು. ಉಣ್ಣುವ ಹೊತ್ತಿಗೆ ಅವನು ಅವರನ್ನು ಕರೆದ. “ಇಲ್ಲೇ ಬರ್ರೆವಾ, ಕೂಡೇ ಉಣ್ಣೂಣು.” ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. “ನೀವು ಮೊದಲ ಉಣ್ರಿ, ಕಾಕಾ” ಎಂದು ದೂರದ ಬೇವಿನ ನೆರಳಿಗೆ ಹೋಗಿ ಕೂತರು. ಅವನು ಬುತ್ತಿ ಬಿಚ್ಚಿ ಒಬ್ಬನೇ ಉಂಡ.

ಕೈ ತೊಳೆಯುವಾಗ ಒಬ್ಬಳು ನೀರು ಕೇಳಿಕೊಂಡು ಬಂದಳು. ಕುಡಿದು, ನನ್ನನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದಳು.

“ಚಂದ ಐತಿ ಬಾಟ್ಲಿ. ಯಾರದ್ರಿ ಕಾಕಾ ಇದು?”

ಗೊಲ್ಲಾಳಪ್ಪ ಕೈ ಚಾಚಿ ನನ್ನನ್ನು ಇಸಿದುಕೊಂಡ.

“ನಮ್ಮಕ್ಕಂದು” ಎಂದ.