ಕುರ್ಚಿ ಬರೆದ ಬಾಗಿಲು

ಗಾಲಿ ಕುರ್ಚಿಯ ಹೊಸ ರೆಕ್ಸಿನ್ನಿನ ವಾಸನೆ ಬಂದದ್ದೇ ರುಕ್ಮವ್ವನಿಗೆ ಬಾಗಲಕೋಟೆ ಕಡೆಯ ತನ್ನೂರಿನ ಶಾಲೆಯ ಬಯಲು ನೆನಪಾಯಿತು. ಚಿಕ್ಕವಳಿದ್ದಾಗ ಅಲ್ಲೊಂದು ಶಿಬಿರ ನಡೆದಿತ್ತು. ಪೋಲಿಯೊ ಕಾಲಿನ ಅವಳನ್ನು ಮೂರು ಗಾಲಿಯ ಸೈಕಲ್ ಮೇಲೆ ಕೂರಿಸಿ, ಫೋಟೊ ಹೊಡೆದು, ಇಳಿಸಿ, ಅದೇ ಸೈಕಲ್ ಮೇಲೆ ಇನ್ನೊಬ್ಬನನ್ನು ಕೂರಿಸಿದ್ದರು. ಬಿಸಿಲಿಗೆ ಕಾದ ಸೀಟಿನ ವಾಸನೆ ಮಾತ್ರ ಲಂಗಕ್ಕೆ ಅಂಟಿ ಮನೆತನಕ ಬಂದಿತ್ತು.

"ಏಯ್ ಕುಂಟಿ, ಮೂಸಿ ನೋಡೋಕೆ ತರ್ಸಿದ್ದಲ್ಲ ಅದು. ಕುಂತ್ಕೊ" ಎಂದ ಸೂಪರ್‌ವೈಸರ್ ಶಿವಶಂಕರ್.

"ನಾ ಬಡಿಗಿ ಹಿಡದು ನಡೀತೀನಲ್ರಿ ಸರ. ಗಾಲಿ ಕುರ್ಚಿ ಯಾಕ್ರಿ?"

"ಡೆಲ್ಲಿಯಿಂದ ಎಂಪಿಗಳ ಕಮಿಟಿ ಬರ್ತೈತೆ. ಕೋಲು ಹಿಡ್ಕೊಂಡು ನಿಂತ್ರೆ ನೀನು ಅಂಗವಿಕಲೆ ಅಂತ ಫೋಟೋದಲ್ಲಿ ಯಾವನಿಗೆ ಕಾಣ್ತದೆ? ಕೊಡಿಲ್ಲಿ." ಕೋಲನ್ನು ಕಿತ್ತುಕೊಂಡು ರ‍್ಯಾಕಿನ ಹಿಂದೆ ಎಸೆದ.

ಮಾದನಾಯಕನಹಳ್ಳಿಯ ಆ ಗೋಡೌನಿನಲ್ಲಿ ದೀಪಾವಳಿಯ ಪಾರ್ಸೆಲ್ಲುಗಳು ಸೂರಿನವರೆಗೆ ಪೇರಿಸಿದ್ದವು. ಹಬ್ಬಕ್ಕೆಂದು ಕೆಲಸಕ್ಕೆ ತೆಗೆದುಕೊಂಡವರ ಕಷ್ಟಸುಖ, ಅಂಗವಿಕಲರಿಗೆ ಇರುವ ಅನುಕೂಲ, ಎರಡನ್ನೂ ಕಮಿಟಿ ವಿಚಾರಿಸುವುದಿತ್ತು. ರುಕ್ಮವ್ವ ಒಬ್ಬಳಲ್ಲೇ ಎರಡೂ ಇದ್ದವು.

"ಹಬ್ಬ ಆದ್ಮೇಲೆ ಎಲ್ರನ್ನೂ ಕಳಿಸ್ಬಿಡ್ತೀವಿ. ನೀನು ಬಾಯಿ ಮುಚ್ಕೊಂಡು ಕುಂತಿದ್ರೆ ಪರ್ಮನೆಂಟ್ ಮಾಡ್ಸೋದು ನನ್ ಜವಾಬ್ದಾರಿ. ಗೊತ್ತಾಯ್ತಾ?"

ಅವಳು ಕೂತಳು. ಹಬ್ಬಕ್ಕೆ ಪಾರ್ಸೆಲ್ಲು, ಮಳೆಗಾಲಕ್ಕೆ ಕೊಡೆ ಫ್ಯಾಕ್ಟರಿ, ಬೇಸಿಗೆಗೆ ಏನೂ ಇಲ್ಲ. ಒಂದೇ ಕಡೆ ವರ್ಷವಿಡೀ ಕೆಲಸ ಎಂಬುದನ್ನು ಅವಳು ಕಂಡಿರಲಿಲ್ಲ.

ಅವಳನ್ನು ತಳ್ಳಿಕೊಂಡು ಹೋಗಿ ಒಂದು ಬಾಗಿಲ ಮುಂದೆ ನಿಲ್ಲಿಸಿದರು. ಬಾಗಿಲ ಮೇಲೆ ಹಸಿ ಬಣ್ಣದಲ್ಲಿ ಗಾಲಿ ಕುರ್ಚಿಯ ಚಿತ್ರ. ಒಳಗಿನ ಕಕ್ಕಸಿನ ತುಂಬ ಖಾಲಿ ರಟ್ಟಿನ ಡಬ್ಬಗಳು. ಬೀಗದ ಕೈ ಶಿವಶಂಕರನ ಜೇಬಿನಲ್ಲಿ. ಹೆಂಗಸರ ಕಕ್ಕಸು ಮಹಡಿಯ ಮೇಲಿತ್ತು.

ನೆಲ ಒರೆಸುವ ಪಿಳ್ಳಮ್ಮ ಬಕೆಟ್ಟು ಎಳೆದುಕೊಂಡು ಬಂದಳು. ಗೋಡೌನು ಏಳುವ ಮೊದಲು ಅದೇ ಜಾಗದಲ್ಲಿ ಕೂಲಿಗೆ ರಾಗಿ ಕೊಯ್ದವಳು. ಚಿತ್ರ ನೋಡಿ ಮೆಲ್ಲಗೆ ಅಂದಳು: "ಒರಗೆ ಕುರ್ಚಿ ಬರ್ದವ್ರೆ, ಒಳಗೆ ಡಬ್ಬ ಕುಂತವೆ. ಅವುಕ್ಕೆ ಅರ್ಜೆಂಟಾದ್ರೆ ಓಯ್ತವೆ ಬುಡು."

ರುಕ್ಮವ್ವನಿಗೆ ನಗು ಬಂತು. ನಗಲಿಲ್ಲ, ಒಂದಕ್ಕೆ ತಡೆದುಕೊಂಡು ಕೂತಿದ್ದಳು.

ಕಮಿಟಿ ಬಂತು. ವಯಸ್ಸಾದ ಸದಸ್ಯರೊಬ್ಬರು ಗುಂಪಿನಿಂದ ಬೇರೆಯಾಗಿ, ಮಂಡಿ ನೋವಿಗೆ ಮುಖ ಕಿವುಚುತ್ತ, ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಹಿಂದಿಯಲ್ಲಿ ಏನೋ ಕೇಳಿದರು.

"ಏನಾದ್ರೂ ತೊಂದ್ರೆ ಇದೆಯಾ ಅಂತ ಕೇಳ್ತಿದ್ದಾರಮ್ಮ" ಎಂದ ಕಂಪನಿಯ ಮ್ಯಾನೇಜರ್ ಅಂಬರೀಶ್.

ಅವಳು ಸುಮ್ಮನಿರಬೇಕಿತ್ತು. ಆದರೆ ಅಷ್ಟು ದೊಡ್ಡ ಮನುಷ್ಯ ತನಗಿಂತ ಕೆಳಗೆ ಕೂತದ್ದನ್ನು ಅವಳು ಎಂದೂ ಕಂಡವಳಲ್ಲ.

"ಮುಂಜಾನಿಂದ ನೀರು ಕುಡಿಯಂಗಿಲ್ರಿ ನಾ. ಊಟಾನೂ ಮಾಡಂಗಿಲ್ಲ. ಕುಡದ್ರ ಮ್ಯಾಲ ಹತ್ತಬೇಕಲ್ರಿ, ಅದಕ್ಕ."

ಅಂಬರೀಶ್ ಹಿಂದಿಯಲ್ಲಿ ಹೇಳಿದ. ಪ್ಯಾಕಿಂಗ್ ಮೇಜಿನಲ್ಲಿ ಪಕ್ಕಕ್ಕೆ ನಿಲ್ಲುವ ಬಿಹಾರದ ಹೆಂಗಸರಿಂದ ಅವಳು ನಾಲ್ಕು ಹಿಂದಿ ಮಾತು ಕಲಿತಿದ್ದಳು. ಪಾನಿ, ಖಾನಾ, ಬಹುತ್ ಅಚ್ಛಾ: ನೀರು, ಊಟ, ಬಹಳ ಚೆನ್ನ, ಅಷ್ಟು ಅವಳಿಗೆ ತಿಳಿಯಿತು. ಸದಸ್ಯರು ಸಂತೋಷದಿಂದ ಅವಳ ಕೈ ತಟ್ಟಿ ಎದ್ದರು.

"ಏನಂದ್ರಿ ಅವರಿಗೆ?"

"ನೀನು ಹೇಳಿದ್ದೇನಮ್ಮ."

"ಅಲ್ರಿ."

ಶಿವಶಂಕರ್ ಕುರ್ಚಿಯ ಹಿಂದಿನಿಂದ ಬಗ್ಗಿ ಅವಳ ಭುಜ ಅದುಮಿದ. "ಮುಚ್ಚೇ ಬಾಯಿ, ಮುಂಡೆ."

ರುಕ್ಮವ್ವ ಬಾಯಿ ಮುಚ್ಚಿದಳು. ಆ ಕೈಯನ್ನು ಕೊಡವಿ, ಕುರ್ಚಿಯಿಂದ ನೆಲಕ್ಕೆ ಜಾರಿದಳು. ಅಂಗೈ ಊರಿ ತೆವಳುತ್ತ ಮಹಡಿಯ ಮೆಟ್ಟಿಲ ಬುಡಕ್ಕೆ ಬಂದು, ಎಲ್ಲರಿಗೂ ಮುಖ ಮಾಡಿ ಮೊದಲ ಮೆಟ್ಟಿಲ ಮೇಲೆ ಕೂತಳು. ಎರಡೂ ಕೈ ಹಿಂದಕ್ಕೆ ಊರಿ ಸೊಂಟ ಎತ್ತಿ ಮೇಲಿನ ಮೆಟ್ಟಿಲಿಗಿಟ್ಟಳು. ಸೋತ ಕಾಲು ಹಿಂದೆಯೇ ಬಂತು. ಅವಳು ದಿನವೂ ಹತ್ತುತ್ತಿದ್ದದ್ದೇ ಹೀಗೆ. ಮೆಟ್ಟಿಲುಗಳು ಒಣಗಿದ್ದವು, ಅವಳ ಸೀರೆ ನೆನೆಯಬಾರದೆಂದು ಪಿಳ್ಳಮ್ಮ ಒಣಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿಡುತ್ತಿದ್ದಳು.

ಅಂಬರೀಶ್ ಹಿಂದಿಯಲ್ಲಿ ಏನೋ ಶುರು ಮಾಡಿದ. ಸದಸ್ಯರು ಅವನತ್ತ ತಿರುಗಲಿಲ್ಲ. ಫೋಟೊ ತೆಗೆಯುತ್ತಿದ್ದವನು ಕ್ಯಾಮೆರಾ ಇಳಿಸಿದ. ಅವಳ ಬಳೆ ಮೆಟ್ಟಿಲಿಗೆ ತಾಗುವ ಸದ್ದು ಮೇಲೆ ಮೇಲೆ ಹೋಯಿತು. ಕೊನೆಗೆ ಕಕ್ಕಸಿನ ಅಗುಳಿ ಹಾಕಿದ್ದು ಕೆಳಗಿನವರಿಗೂ ಕೇಳಿಸಿತು.

ಅವಳು ಹೊರಗೆ ಬಂದಾಗ ಕೆಳಗೆ ಕಮಿಟಿಯವರು ಯಾರೂ ಇರಲಿಲ್ಲ. ಆಫೀಸಿನ ಕಡೆಯಿಂದ ಚಮಚ, ತಟ್ಟೆಗಳ ಸದ್ದು ಬರುತ್ತಿತ್ತು. ಒಬ್ಬನು ಗಾಲಿ ಕುರ್ಚಿಗೆ ಅದರ ಪ್ಲಾಸ್ಟಿಕ್ಕನ್ನು ಮತ್ತೆ ಸುತ್ತತೊಡಗಿದ. ಅಷ್ಟರಲ್ಲಿ ಶಿವಶಂಕರ್ ಬಂದು ಮೆಟ್ಟಿಲ ಬುಡದಲ್ಲಿ ನಿಂತ.

"ಸರ್ಕಸ್ ಆಯ್ತಾ? ನಾಳೆಯಿಂದ ಗೇಟ್ ಹತ್ರ ಕಾಣಿಸ್ಕೊಂಡ್ರೆ ಇನ್ನೊಂದ್ ಕಾಲೂ ಮುರೀತೀನಿ."

"ಬಡಿಗಿ ಕೊಡ್ರಿ, ಹೊಂಡತೀನಿ."

"ಹುಡುಕ್ಕೋ ಹೋಗು." ಹೊರಟುಹೋದ.

ಇಳಿಯುವುದಕ್ಕೆ ಕೈಗಳಲ್ಲಿ ಬಲವಿರಲಿಲ್ಲ. ಮೇಲಿನ ಮೆಟ್ಟಿಲ ಮೇಲೆ ಹಾಗೇ ಕೂತಳು. ಪಿಳ್ಳಮ್ಮ ಹತ್ತಿ ಬಂದು, ಒಂದು ಮೆಟ್ಟಿಲು ಕೆಳಗೆ ಕೂತು, ಸೆರಗಿಗೆ ಕೈ ಒರೆಸಿಕೊಂಡಳು. ತನ್ನ ಡಬ್ಬಿಯ ಬಟ್ಟೆ ಬಿಚ್ಚಿ ಮುಚ್ಚಳ ತೆಗೆದಳು. ಮುದ್ದೆಯನ್ನು ಪಾಲು ಮಾಡದೆ, ಸೊಪ್ಪಿನ ಸಾರು ತುಳುಕದ ಹಾಗೆ, ಡಬ್ಬಿಯನ್ನು ಪೂರ್ತಿ ರುಕ್ಮವ್ವನ ಮಡಿಲಿಗಿಟ್ಟಳು.